ಹಳೆಯ ಪಾಯಿಂಟ್ 22 ರೈಫಲ್ ಕೊಳ್ಳುವವರು ಹೊಸ ಹೊಳಪನ್ನು ನಂಬಬೇಡಿ

ಹಳೆಯ ಪಾಯಿಂಟ್ 22 (ಅಂದರೆ 0.22 ಇಂಚು ಅಳತೆಯ ಗುಂಡಿನ) ರೈಫಲ್ ಒಂದಕ್ಕೆ ಹೊಸದಾಗಿ ಬ್ಲೂಯಿಂಗ್ (ಉಕ್ಕಿನ ಮೇಲಿನ ಕಡುನೀಲಿ ಹೊಳಪು) ಮಾಡಿಸಿ, ಮರಕ್ಕೆ ಪಾಲಿಶ್ ಹಚ್ಚಿ ಮಾರಾಟಕ್ಕೆ ಇಟ್ಟಿದ್ದರೆ, ಅದರ ಚೇಂಬರಿನ (ತೋಟಾ ಕೂರುವ ಗೂಡಿನ) ಅಂಚು, ನಳಿಗೆಯ ಬಾಯಿ ಮತ್ತು ಲೋಹದ ಮೇಲಿನ ಅಂಕೆಗಳನ್ನು ಬೆಳಕಿನಲ್ಲಿ ನೋಡುವ ತನಕ ಮುಂಗಡ ಕೊಡಬೇಡಿ. ಈ ಮೂರನ್ನೂ ನೋಡಲು ಬಿಡದ ವ್ಯಾಪಾರಿಯ ಅಂಗಡಿಯಿಂದ ಹೊರಗೆ ಬಂದುಬಿಡಿ. ನನಗೆ ಮಾರಲಾದ ರೈಫಲ್ಲಿನಲ್ಲಿ ಮೂರೂ ಕೆಟ್ಟಿದ್ದವು. ಅದರಿಂದ ಹಣ ಹೋಯಿತು, ಕಚೇರಿಗಳಿಗೆ ಅಲೆದಾಟವಾಯಿತು, ಒಂದು ಬೆಳಿಗ್ಗೆ ಕಣ್ಣೂ ಹೋಗುವುದರಲ್ಲಿತ್ತು.

ನಾನಿರುವುದು ಕೊಡಗಿನಲ್ಲಿ. ಇಲ್ಲಿ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ) ಹಬ್ಬದ ಆಸುಪಾಸಿನಲ್ಲಿ ಊರೂರಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. 12 ಬೋರ್ ಮತ್ತು ಏರ್ ಗನ್ ವಿಭಾಗಗಳ ಜೊತೆಗೆ ಪಾಯಿಂಟ್ 22 ವಿಭಾಗವೂ ಇರುತ್ತದೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ನಾನು ಆ ವಿನಾಯಿತಿಗೆ ಸೇರಿದವನಲ್ಲ. ನನ್ನದು ಲೈಸೆನ್ಸಿನ ಕೋವಿ. ಹೊರಜಿಲ್ಲೆಗಳ ಓದುಗರಿಗೂ ಇಲ್ಲಿನ ಸಂಗತಿ ಅನ್ವಯಿಸಲೆಂದು ಇದನ್ನು ಮೊದಲೇ ಹೇಳುತ್ತಿದ್ದೇನೆ.

ಪಾಯಿಂಟ್ 22 ಲಾಂಗ್ ರೈಫಲ್ ತೋಟಾ ಬಳಕೆಗೆ ಬಂದದ್ದು 1887ರಲ್ಲಿ. ಸುಮಾರು ಎರಡೂವರೆ ಗ್ರಾಂ ತೂಗುವ ಸೀಸದ ಗುಂಡು, ಕಡಿಮೆ ಒದೆತ, ಕಡಿಮೆ ಸದ್ದು, ಕಡಿಮೆ ಖರ್ಚು ಎಂಬ ಕಾರಣಗಳಿಗೆ ಗುರಿ ಕಲಿಯುವವರಿಂದ ಹಿಡಿದು ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯವರ ತನಕ ಎಲ್ಲರ ಕೈಯಲ್ಲೂ ಅದೇ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದೂ ಈ ತೋಟಾ ಬಳಸುವ ಸ್ಪರ್ಧೆಯಲ್ಲಿಯೇ. ನಮ್ಮ ಕಡೆ ಹಳಬರನ್ನು ನಿಮ್ಮ ಮೆಚ್ಚಿನ ಪಾಯಿಂಟ್ 22 ಯಾವುದು ಎಂದು ಕೇಳಿದರೆ, ಜೆಕೊಸ್ಲೊವಾಕಿಯಾದಲ್ಲಿ ತಯಾರಾದ ಬ್ರನೊ ಮಾಡೆಲ್ 2ರ ಹೆಸರು ಬೇಗ ಬರುತ್ತದೆ. ಆ ಹೊಗಳಿಕೆ ಸುಳ್ಳಲ್ಲ. ಗಟ್ಟಿಯಾದ ಬೋಲ್ಟು (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ), ಚೊಕ್ಕವಾದ ನಳಿಗೆ, ಐದು ತೋಟಾಗಳ ಕಳಚುವ ಮ್ಯಾಗಜೀನು ಇರುವ ಆ ರೈಫಲ್ ಒಳ್ಳೆಯ ಕೈಯಲ್ಲಿ ಉಳಿದಿದ್ದರೆ ಇಂದಿಗೂ ಹೊಸದರ ಜೊತೆ ನಿಲ್ಲುತ್ತದೆ. ಆದ್ದರಿಂದ ಮುಂದೆ ಹೇಳುವ ದೋಷಗಳಲ್ಲಿ ಒಂದೂ ತಯಾರಕರದಲ್ಲ. ಹೆಸರಿಗೆ ಇಷ್ಟು ಬೆಲೆ ಇರುವುದರಿಂದಲೇ ಕೆಟ್ಟುಹೋದ ಕೋವಿಗಳನ್ನೂ ತೊಳೆದು ತಿಕ್ಕಿ ಅದೇ ಬೆಲೆಗೆ ಮಾರುವ ದಂಧೆ ಹುಟ್ಟಿಕೊಂಡಿದೆ.

ನನಗೆ ಮಾರಿದವರು ಹೊರಜಿಲ್ಲೆಯ ಒಬ್ಬ ಲೈಸೆನ್ಸುದಾರ ವ್ಯಾಪಾರಿ. ಕೋವಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಎಪ್ಪತ್ತು ವರ್ಷದ ಹತ್ತಿರದ ವಸ್ತು ನಿನ್ನೆ ಪೆಟ್ಟಿಗೆಯಿಂದ ತೆಗೆದಂತೆ ಕಂಡಿತು. ಬೋಲ್ಟು ಕಳಚಿ ನಳಿಗೆಯ ಒಳಗೆ ನೋಡಬೇಕೆಂದು ಕೇಳಿದಾಗ, ಸಾಗಾಟಕ್ಕೆಂದು ಒಳಗೆ ದಪ್ಪ ಗ್ರೀಸು ಹಚ್ಚಿದ್ದೇವೆ, ಈಗ ಏನೂ ಕಾಣುವುದಿಲ್ಲ ಎಂಬ ಉತ್ತರ ಬಂತು. ಗ್ರೀಸನ್ನು ನಾನೇ ಒರೆಸಿ ನೋಡುತ್ತೇನೆಂದರೆ, "ಸಾರ್, ಬ್ರನೊ ಅಂದಮೇಲೆ ಒಳಗೆ ನೋಡುವುದೇನಿದೆ? ಏನಾದರೂ ಇದ್ದರೆ ನಾವು ಇಲ್ಲೇ ಇರುತ್ತೇವಲ್ಲ" ಎಂದರು. ಅಂಗಡಿಯಲ್ಲಿ ಗುಂಡು ಹೊಡೆದು ನೋಡುವ ಅವಕಾಶ ಹೇಗೂ ಇರುವುದಿಲ್ಲ. ಬಿಲ್ಲಿನ ಮೇಲೆ "ಸುಸ್ಥಿತಿಯಲ್ಲಿದೆ" ಎಂದು ಬರೆದು ರುಜು ಹಾಕಿಕೊಟ್ಟರು. ಆ ಪದಕ್ಕೆ ಯಾವ ಬೆಲೆಯೂ ಇಲ್ಲವೆಂಬುದು ಆಮೇಲೆ ತಿಳಿಯಿತು. ಸುಸ್ಥಿತಿ ಎಂದರೆ ಹೊರಮೈಯೋ ಒಳಮೈಯೋ ಎಂದು ಅದರಲ್ಲಿ ಹೇಳಿರಲಿಲ್ಲ.

ರೇಂಜಿನಲ್ಲಿ ಮೊದಲ ದಿನವೇ ತೊಂದರೆ ಶುರುವಾಯಿತು. ತೋಟಾ ಚೇಂಬರಿನೊಳಗೆ ಸಲೀಸಾಗಿ ಕೂರುತ್ತಿರಲಿಲ್ಲ, ಬೋಲ್ಟನ್ನು ಒತ್ತಿ ಮುಚ್ಚಬೇಕಾಗುತ್ತಿತ್ತು. ಹೊಡೆದ ಮೇಲೆ ಖಾಲಿ ತೋಟಾ ಹೊರಗೆ ಬರಲು ಹಠ ಮಾಡುತ್ತಿತ್ತು. ಕೆಲವು ತೋಟಾಗಳು ಸಿಡಿಯಲೇ ಇಲ್ಲ. ಐವತ್ತು ಮೀಟರಿನಲ್ಲಿ ಗುಂಡುಗಳು ಒಂದೆಡೆ ಗುಂಪಾಗುವ ಬದಲು ಕಾಗದದ ತುಂಬ ಹರಡಿದವು. ಮುಂದಿನ ಸಲ ಹೋದಾಗ ಒಂದು ತೋಟಾದ ಅಂಚು ಒಡೆದು, ಬಿಸಿ ಗಾಳಿಯೂ ಮದ್ದಿನ ಕಣಗಳೂ ಬೋಲ್ಟಿನ ಸಂದಿನಿಂದ ಹಿಂದಕ್ಕೆ ಚಿಮ್ಮಿ ಮುಖಕ್ಕೆ ಬಡಿದವು. ಕಣ್ಣಿಗೆ ರಕ್ಷಣೆಯ ಕನ್ನಡಕವಿತ್ತು. ಕೆನ್ನೆಯ ಮೇಲೆ ಸಣ್ಣ ಸುಟ್ಟ ಗಾಯಗಳಾದವು, ಅಷ್ಟರಲ್ಲೇ ಮುಗಿಯಿತು. ಪಾಯಿಂಟ್ 22 ಎಂದರೆ ಮಕ್ಕಳ ಆಟದ ಕೋವಿ ಎಂಬಂತೆ ಬರಿಗಣ್ಣಿನಲ್ಲಿ ಹೊಡೆಯುವವರನ್ನು ನಮ್ಮ ಸ್ಪರ್ಧೆಗಳಲ್ಲಿ ಈಗಲೂ ನೋಡುತ್ತೇನೆ. ಅದೇ ಗುಂಡು ಅಡ್ಡಿಯಿಲ್ಲದಿದ್ದರೆ ಸುಮಾರು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು.

ಇದು ಹೇಗಾಯಿತೆಂದು ತಿಳಿಯಲು ಈ ತೋಟಾದ ರಚನೆಯನ್ನು ಸ್ವಲ್ಪ ನೋಡಬೇಕು. ದೊಡ್ಡ ರೈಫಲ್ಲುಗಳ ತೋಟಾದಲ್ಲಿ ಕೇಪು (ಪೆಟ್ಟು ಬಿದ್ದಾಗ ಮದ್ದನ್ನು ಹೊತ್ತಿಸುವ ಪುಟ್ಟ ಬಟ್ಟಲು) ತಳದ ನಟ್ಟನಡುವೆ ಇರುತ್ತದೆ. ಪಾಯಿಂಟ್ 22ರಲ್ಲಿ ಬೇರೆ ಕೇಪು ಇಲ್ಲ. ತಳದ ಮಡಿಸಿದ ಅಂಚಿನೊಳಗೇ ಸಿಡಿಯುವ ಮಸಾಲೆಯನ್ನು ತುಂಬಿರುತ್ತಾರೆ, ಫೈರಿಂಗ್ ಪಿನ್ನು ಆ ಅಂಚನ್ನು ಚೇಂಬರಿನ ಬಾಯಿಯ ಉಕ್ಕಿಗೆ ಒತ್ತಿ ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಅಂಚಿನ ಒಟ್ಟು ದಪ್ಪ ಸುಮಾರು ಒಂದು ಮಿಲಿಮೀಟರ್ ಮಾತ್ರ, ಮತ್ತು ಅಲ್ಲಿನ ಹಿತ್ತಾಳೆ ಮಡಿಸುವಷ್ಟು ತೆಳುವಾಗಿರಲೇಬೇಕು. ಆದ್ದರಿಂದ ಚೇಂಬರಿನ ಬಾಯಿ ಮತ್ತು ಬೋಲ್ಟಿನ ಮುಖ ಎರಡೂ ಸೇರಿ ಆ ಅಂಚನ್ನು ಸುತ್ತಲೂ ಸಮನಾಗಿ ಹಿಡಿದುಕೊಳ್ಳಬೇಕು. ಎಲ್ಲಿ ಹಿಡಿತ ತಪ್ಪುತ್ತದೋ ಅಲ್ಲಿ ಅದು ಒಡೆಯುತ್ತದೆ.

ಕೋವಿ ರಿಪೇರಿಯಲ್ಲಿ ಪಳಗಿದ ಹಿರಿಯರೊಬ್ಬರು ಗ್ರೀಸನ್ನೆಲ್ಲ ತೊಳೆದು, ಭೂತಗನ್ನಡಿ ಹಿಡಿದು ನೋಡಿದರು. ಚೇಂಬರಿನ ಬಾಯಿಯಲ್ಲಿ ಪಿನ್ನು ಬೀಳುವ ಜಾಗದಲ್ಲಿ ಆಳವಾದ ತಗ್ಗು ಬಿದ್ದಿತ್ತು, ಅಲ್ಲಿಂದ ಒತ್ತರಿಸಿ ಬಂದ ಉಕ್ಕು ಚೇಂಬರಿನೊಳಕ್ಕೆ ಮುಳ್ಳಿನ ಹಾಗೆ ಚಾಚಿಕೊಂಡಿತ್ತು. ಖಾಲಿ ಕೋವಿಯ ಟ್ರಿಗರನ್ನು ಸುಮ್ಮನೆ ಟಕ್ ಟಕ್ ಎಂದು ಒತ್ತುವ ಚಟದಿಂದ ಆಗುವ ಹಾನಿ ಇದು. ಪಿನ್ನು ಚೇಂಬರಿಗೆ ತಾಗುವ ಮುಂಚೆಯೇ ನಿಲ್ಲುವಂತೆ ಈಗಿನ ಅನೇಕ ರೈಫಲ್ಲುಗಳನ್ನು ಮಾಡಿರುತ್ತಾರೆ. ಹಳೆಯವುಗಳಲ್ಲಿ, ಅದರಲ್ಲೂ ಪಿನ್ನು ಬದಲಾಯಿಸಿದವುಗಳಲ್ಲಿ, ಆ ಭರವಸೆ ಇರುವುದಿಲ್ಲ. ಒಳಗೆ ಸೇರಿಸುವಾಗ ತಡೆಯುತ್ತಿದ್ದುದೂ, ಹೊರಗೆ ಬರುವಾಗ ಗೀಚುತ್ತಿದ್ದುದೂ ಆ ಮುಳ್ಳು. ಸಿಡಿಯದ ತೋಟಾಗಳಿಗೆ ಕಾರಣ ಆ ತಗ್ಗು, ಏಕೆಂದರೆ ಅಂಚಿನ ಹಿಂದೆ ಒತ್ತಿಕೊಡಲು ಉಕ್ಕೇ ಇರಲಿಲ್ಲ. ಜೊತೆಗೆ ಬೋಲ್ಟು ಬೇರೆ ಯಾವುದೋ ಕೋವಿಯದಾಗಿತ್ತು; ಅದರ ಮೇಲಿನ ಅಂಕೆಗಳಿಗೂ ರಿಸೀವರಿನ (ಬೋಲ್ಟು ಕೂರುವ ಕೋವಿಯ ಮೈಭಾಗದ) ಅಂಕೆಗಳಿಗೂ ಸಂಬಂಧವಿರಲಿಲ್ಲ. ಮುಚ್ಚಿದಾಗ ತಳದ ಅಂಚಿಗೂ ಬೋಲ್ಟಿಗೂ ನಡುವೆ ಉಳಿಯುತ್ತಿದ್ದ ಸಂದು ಹೆಚ್ಚಾಗಿತ್ತು, ತೋಟಾ ಒಡೆದದ್ದು ಅದರಿಂದ.

ನಳಿಗೆಯ ಕಥೆ ಇನ್ನೊಂದು. ಕೊಡಗಿನ ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಅಥವಾ ಕ್ಯಾನ್ವಾಸಿನ ಚೀಲದಲ್ಲಿ ಹಾಕಿಟ್ಟರೆ ಚೀಲ ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ. ಚುನಾವಣೆಯ ಕಾಲಕ್ಕೆ ಠಾಣೆಗೆ ಒಪ್ಪಿಸಿದ ಕೋವಿಗಳು ಹಾಗೆಯೇ ಚೀಲದಲ್ಲಿ ತಿಂಗಳುಗಟ್ಟಲೆ ಕೂತು ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ನಳಿಗೆಯಲ್ಲಿಯೂ ತುಕ್ಕು ತಿಂದ ಗುಳಿಗಳಿದ್ದವು, ಗುಳಿಗಳಲ್ಲಿ ಸೀಸ ಮೆತ್ತಿಕೊಂಡಿತ್ತು. ಅದಕ್ಕಿಂತ ಕೆಟ್ಟದ್ದು ನಳಿಗೆಯ ಬಾಯಿ. ಬೋಲ್ಟು ಕಳಚಿ ಹಿಂದಿನಿಂದ ಸಲಾಕೆ ಹಾಕಿ ಒರೆಸಬೇಕಾದ ರೈಫಲ್ಲನ್ನು ಯಾರೋ ವರ್ಷಗಟ್ಟಲೆ ಮುಂದಿನಿಂದಲೇ ಉಕ್ಕಿನ ಸಲಾಕೆ ತೂರಿ ತಿಕ್ಕಿದ್ದರು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಅದನ್ನು ಹಿಡಿಯುವುದು ಆ ಬಾಯಂಚು. ಅಲ್ಲಿ ಒಂದು ಬದಿ ಸವೆದಿದ್ದರೆ ಹಿಂದಿನಿಂದ ನುಗ್ಗುವ ಗಾಳಿ ಆ ಬದಿಯಲ್ಲಿ ಮೊದಲು ಸೋರಿ ಗುಂಡನ್ನು ಓರೆ ಮಾಡುತ್ತದೆ. ನಳಿಗೆಯ ನಡುಭಾಗದಲ್ಲಿ ಬೆಳಕಿಗೆ ಹಿಡಿದಾಗ ಒಂದು ಕಪ್ಪು ಬಳೆಯೂ ಕಾಣುತ್ತಿತ್ತು. ಒಳಗೆ ಸಿಕ್ಕಿಬಿದ್ದ ಗುಂಡಿನ ಹಿಂದೆಯೇ ಇನ್ನೊಂದನ್ನು ಹೊಡೆದಾಗ ನಳಿಗೆ ಉಬ್ಬಿ ಬೀಳುವ ಗುರುತು ಅದು. ಹೊರಗಿನ ಉಬ್ಬನ್ನು ಅರದಿಂದ ಸಮ ಮಾಡಿ, ಅದನ್ನು ಮುಚ್ಚಲೆಂದೇ ಹೊಸ ಬ್ಲೂಯಿಂಗ್ ಮಾಡಿಸಿದ್ದಾರೆ ಎಂಬುದು ಆ ಹಿರಿಯರ ಅಭಿಪ್ರಾಯ, ನನ್ನದೂ ಅದೇ.

ಈ ಉಜ್ಜಾಟದಿಂದ ಕಾಗದಪತ್ರದಲ್ಲಿಯೂ ತೊಡಕಾಯಿತು. ರಿಸೀವರಿನ ಮೇಲಿನ ಸಂಖ್ಯೆ ಸವೆದು ಒಂದು ಅಂಕೆ 3 ಎಂದೂ ಓದಬಹುದು, 8 ಎಂದೂ ಓದಬಹುದು ಎಂಬಂತಾಗಿತ್ತು. ವ್ಯಾಪಾರಿ ಒಂದನ್ನು ಬರೆದಿದ್ದರು. ಹಿಂದಿನ ಮಾಲೀಕರ ಲೈಸೆನ್ಸಿನಲ್ಲಿ ಇನ್ನೊಂದಿತ್ತು. ಗುರುತಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು, ಅಂಥ ಕೋವಿಯನ್ನು ಮಾರುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೇ ಕಲಮಿನ ಪ್ರಕಾರ ನಿಷಿದ್ಧ. ಪರಿಶೀಲನೆಗೆ ಒಯ್ದಾಗ ಅಧಿಕಾರಿಗಳು ಲೈಸೆನ್ಸಿನಲ್ಲಿ ನಮೂದು ಮಾಡಲು ಒಪ್ಪಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹಣ ಕೊಟ್ಟವನೇ ಅನುಮಾನಕ್ಕೆ ಗುರಿಯಾಗಿ ನಿಲ್ಲಬೇಕಾದ ಸ್ಥಿತಿ ಮಾತ್ರ ಯಾರಿಗೂ ಬೇಡ.

ವ್ಯಾಪಾರಿಯ ಬಳಿಗೆ ಹೋದಾಗ ಮಾತು ತಿರುಗಿತು. ಮಾರಿದ ಕೋವಿಯನ್ನು ಬಟ್ಟೆಯಂಗಡಿಯವರ ಹಾಗೆ ವಾಪಸು ಪಡೆಯಲಾಗದು, ಅದಕ್ಕೆ ಅನುಮತಿ ಬೇಕು ಎಂದರು. ಅನುಮತಿಗೆ ಅರ್ಜಿ ಹಾಕಿ ಎಂದರೆ, ಹೊಡೆದ ಮೇಲೆ ಆದ ಹಾನಿಗೆ ನಾವು ಹೊಣೆಯಲ್ಲ ಎಂದರು. ಕೊನೆಗೆ ಕೊಟ್ಟ ಹಣದ ಒಂದು ಪಾಲಷ್ಟೇ ಮರಳಿತು.

ಈಗ ಕೊಳ್ಳಲು ಹೊರಟವರಿಗೆ ನನ್ನ ಸಲಹೆ. ಮೆಚ್ಚಿನ ರೈಫಲ್ ಯಾವುದೆಂಬ ಚರ್ಚೆಯನ್ನು ಹೆಸರಿನಿಂದ ಶುರು ಮಾಡದೆ, ನಿಮಗೆ ಸಿಗುವ ತೋಟಾದಿಂದ ಶುರು ಮಾಡಿ. ಒಂದೇ ಮಾಡೆಲಿನ ಎರಡು ರೈಫಲ್ಲುಗಳು ಬೇರೆ ಬೇರೆ ತೋಟಾಗಳನ್ನು ಇಷ್ಟಪಡುತ್ತವೆ. ದೊಡ್ಡ ಸ್ಪರ್ಧಿಗಳು ಎಲೇ, ಲಾಪುವಾ ಮುಂತಾದ ತಯಾರಕರ ರೇಂಜಿಗೇ ತಮ್ಮ ರೈಫಲ್ ಒಯ್ದು, ಹಲವು ಲಾಟುಗಳನ್ನು (ಒಂದೇ ಸಲಕ್ಕೆ ತಯಾರಾದ ತೋಟಾಗಳ ಕಂತುಗಳನ್ನು) ಹೊಡೆದು ನೋಡಿ, ಹೊಂದಿದ ಲಾಟನ್ನೇ ಒಟ್ಟಿಗೆ ಕೊಳ್ಳುವುದು ಇದಕ್ಕಾಗಿ. ನಮಗೆ ಅಷ್ಟು ಸಾಧ್ಯವಿಲ್ಲ. ಆದರೂ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದ, ಸದ್ದಿನ ವೇಗಕ್ಕಿಂತ ಕೆಳಗಿರುವ ತೋಟಾ ಮತ್ತು 380ರ ಸಮೀಪದ ವೇಗದ ತೋಟಾ ಎರಡನ್ನೂ ಮಾರುವವರ ಎದುರಿನಲ್ಲೇ, ಪರವಾನಗಿಯುಳ್ಳ ರೇಂಜಿನಲ್ಲಿ ಹೊಡೆದು ನೋಡುವ ಷರತ್ತು ಹಾಕಬಹುದು. ಹೊಡೆದ ಖಾಲಿ ತೋಟಾಗಳನ್ನು ಎಸೆಯದೆ ಕೈಗೆತ್ತಿಕೊಂಡು ನೋಡಿ: ಮೈಮೇಲೆ ಉದ್ದಗೀರು, ಅಂಚಿನಲ್ಲಿ ಉಬ್ಬು ಅಥವಾ ಮಸಿ ಕಂಡರೆ ಮಾತುಕತೆ ಅಲ್ಲಿಗೇ ಮುಗಿಸಿ.

ಮ್ಯಾಗ್ನಮ್ ಎಂಬ ಪದ ಕೇಳಿದರೆ ಇನ್ನೂ ಜಾಗ್ರತೆ ಬೇಕು. 1959ರಲ್ಲಿ ಬಂದ ಪಾಯಿಂಟ್ 22 ಮ್ಯಾಗ್ನಮ್ಮಿನ ತೋಟಾ ಉದ್ದದಲ್ಲಿ ಮಾತ್ರವಲ್ಲ, ದಪ್ಪದಲ್ಲಿಯೂ ಹೆಚ್ಚು. ಅದರ ಚೇಂಬರಿಗೆ ಲಾಂಗ್ ರೈಫಲ್ ತೋಟಾ ಸಡಿಲವಾಗಿ ಹೋಗುತ್ತದೆ, ಸಿಡಿದಾಗ ಮೈ ಸೀಳುತ್ತದೆ. "ಎರಡೂ ನಡೆಯುತ್ತದೆ ಸಾರ್" ಎಂದು ನನಗೇ ಒಬ್ಬರು ಹೇಳಿದ್ದುಂಟು. ನಡೆಯುವುದಿಲ್ಲ. ಪಾಯಿಂಟ್ 22ರಲ್ಲೇ ಗಿಡ್ಡವಾದ ಶಾರ್ಟ್ ತೋಟಾಗಳನ್ನು ಲಾಂಗ್ ರೈಫಲ್ ಚೇಂಬರಿನಲ್ಲಿ ಹೊಡೆಯಬಹುದು, ಆದರೆ ಬಹಳ ಕಾಲ ಹೊಡೆದರೆ ಅವುಗಳ ತುದಿಯ ಮುಂದೆ ಚೇಂಬರು ಸುಟ್ಟು ಬಳೆ ಬೀಳುತ್ತದೆ, ಆಮೇಲೆ ಉದ್ದದ ತೋಟಾ ಅಂಟಿಕೊಳ್ಳುತ್ತದೆ.

ಬ್ಲೂಯಿಂಗ್ ಹೊಸದೋ ಹಳೆಯದೋ ತಿಳಿಯಲು ಅಕ್ಷರಗಳ ಅಂಚನ್ನು ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಅಕ್ಷರಗಳ ಅಂಚು ಚೂಪಾಗಿರುತ್ತದೆ, ಉಜ್ಜಿದ ಮೇಲೆ ಅದು ಮೊಂಡಾಗಿ ತಗ್ಗು ಕಡಿಮೆಯಾಗುತ್ತದೆ. ಜೆಕ್ ಕೋವಿಗಳಲ್ಲಿ ಪರೀಕ್ಷೆಯ ಮುದ್ರೆಯಾದ ಎರಡು ಬಾಲದ ಸಿಂಹ ಮತ್ತು ವರ್ಷದ ಎರಡು ಅಂಕೆಗಳು ಸ್ಪಷ್ಟವಾಗಿ ಓದುವಂತಿರಬೇಕು. ರಿಸೀವರಿನ ಮತ್ತು ಬೋಲ್ಟಿನ ಅಂಕೆಗಳು ಹೊಂದಿಕೊಳ್ಳಬೇಕು.

ಖಾಸಗಿಯವರಿಂದ ಕೊಳ್ಳುವುದಾದರೆ, ಮಾರುವ ಉದ್ದೇಶವನ್ನು ಅವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕೆಂದು ಕಾಯಿದೆ ಹೇಳುತ್ತದೆ; ಆ ಪತ್ರದ ಸ್ವೀಕೃತಿಯ ಪ್ರತಿಯನ್ನು ಕೇಳಿ ಪಡೆಯಿರಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ ಎಂಬ ಮಿತಿ ಇರುವುದರಿಂದ, ಕೆಟ್ಟ ರೈಫಲ್ ಒಂದು ಸ್ಥಾನವನ್ನೂ ಹಿಡಿದು ಕೂರುತ್ತದೆ. ಕೇಂದ್ರ ಸರಕಾರ ಮಾನ್ಯ ಮಾಡಿದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22ಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಸದಸ್ಯರಾಗಿದ್ದರೆ ಅರ್ಜಿಯಲ್ಲೇ ಅದನ್ನು ತಿಳಿಸಿ. ಬಿಲ್ಲಿನ ಮೇಲೆ "ಸುಸ್ಥಿತಿ" ಎಂಬ ಪದಕ್ಕೆ ಒಪ್ಪದೆ, ರಿಸೀವರ್ ಸಂಖ್ಯೆ, ಬೋಲ್ಟಿನ ಸಂಖ್ಯೆ, ಚೇಂಬರಿನ ಅಂಚು, ನಳಿಗೆಯ ಒಳಮೈ, ಬ್ಲೂಯಿಂಗ್ ಮೂಲದ್ದೋ ಮರುಮಾಡಿದ್ದೋ ಎಂಬ ವಿವರ, ಇವಿಷ್ಟನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಸಿ ರುಜು ಹಾಕಿಸಿಕೊಳ್ಳಿ. ಪೂರ್ತಿ ಹಣವನ್ನು ಪರಿಶೀಲನೆ ಮುಗಿದು ಲೈಸೆನ್ಸಿನಲ್ಲಿ ನಮೂದಾದ ಮೇಲೆ ಕೊಡುವುದೆಂದು ಅದೇ ಕಾಗದದಲ್ಲಿ ಬರೆಯಬೇಕು. ಇದಕ್ಕೆ ಒಪ್ಪಿ ನಡೆದುಕೊಳ್ಳುವ ವ್ಯಾಪಾರಿಗಳೂ ಇದ್ದಾರೆ, ನನ್ನ ಈಗಿನ ರೈಫಲ್ ಅಂಥವರೊಬ್ಬರಿಂದ ಬಂದದ್ದು.