ಎಂಎಸ್‌ಎಆರ್ ಚಂದಾ: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಬಿ ಮೈನಸ್ಸಿಗೆ ಉತ್ತರವಿಲ್ಲ

ಅಮೆರಿಕದಲ್ಲಿ ಮಕ್ಕಳನ್ನು ಡಾಕ್ಟರ್ ಮಾಡಲು ಹೊರಟ ಅಪ್ಪ-ಅಮ್ಮಂದಿರ ಜೇಬಿಗೆ ಕೈ ಹಾಕುವವರು ಬಹಳ ಜನ. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಕೋಚಿಂಗ್‌ನವರು ಸಾವಿರಗಟ್ಟಲೆ ಡಾಲರ್ ಕೇಳುತ್ತಾರೆ, ಪ್ರಬಂಧ ತಿದ್ದಿಕೊಡುವ ಸಲಹೆಗಾರರದ್ದಂತೂ ಕೇಳಲೇಬೇಡಿ. ಇವರ ಮಧ್ಯೆ ವರ್ಷಕ್ಕೆ ಮೂವತ್ತು ಡಾಲರಿನ ಆಸುಪಾಸಿಗೆ ಸಿಗುವುದು ಎಂಎಸ್‌ಎಆರ್. ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ತಾನೇ ನಡೆಸುವ ಆನ್‌ಲೈನ್ ಮಾಹಿತಿ ಕೋಶ ಇದು. ಸಂಘದ ಶುಲ್ಕ ನೆರವು ಸಿಕ್ಕ ವಿದ್ಯಾರ್ಥಿಗಳಿಗೆ ಪುಕ್ಕಟೆ. ಮಗಳು ಪ್ರಿ-ಮೆಡ್, ಅಂದರೆ ಡಿಗ್ರಿ ಓದುತ್ತಲೇ ಮೆಡಿಕಲ್ ಸೀಟಿಗೆ ತಯಾರಾಗುವವಳು, ಹಾಗಾಗಿ ನಮ್ಮ ಮನೆಗೂ ಬಂತು.

ಒಂದು ಮೆಡಿಕಲ್ ಕಾಲೇಜಿನ ಹೆಸರು ಒತ್ತಿದರೆ ಅಲ್ಲಿ ಆಯ್ಕೆಯಾದವರ ಒಟ್ಟು ಜಿಪಿಎ (ಡಿಗ್ರಿಯ ಗ್ರೇಡುಗಳ ಸರಾಸರಿ, ನಾಲ್ಕಕ್ಕೆ), ವಿಜ್ಞಾನ ವಿಷಯಗಳದ್ದೇ ಬೇರೆ ಜಿಪಿಎ, ಎಂಕ್ಯಾಟ್ ಅಂಕ ಎಲ್ಲ ಬರುತ್ತದೆ. ಬರೀ ಸರಾಸರಿ ಅಲ್ಲ, ಕೆಳಗಿನ ಹತ್ತು ಪರ್ಸೆಂಟ್‌ನಿಂದ ಮೇಲಿನ ಹತ್ತರವರೆಗೆ ಗೆರೆ ಎಳೆದು ತೋರಿಸುತ್ತಾರೆ. ಸ್ವಂತ ರಾಜ್ಯದವರೆಷ್ಟು, ಹೊರಗಿನವರೆಷ್ಟು, ಹೈಸ್ಕೂಲಿನಲ್ಲೇ ಓದಿದ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಕ್ರೆಡಿಟ್ ನಡೆಯುತ್ತದೋ ಇಲ್ಲವೋ, ಎಲ್ಲ ಒಂದೇ ಕಡೆ. ಅವರಿವರ ಮನೆ ಪಾರ್ಟಿಯಲ್ಲಿ ಕೇಳಿಸಿಕೊಂಡ ಗಾಳಿಸುದ್ದಿಗಿಂತ ಇದು ಸಾವಿರ ಪಾಲು ಮೇಲು.

ತಕರಾರು ಇರುವುದು ಆ ಜಿಪಿಎ ಗೆರೆಯ ಬಗ್ಗೆ.

ಮಗಳ ಕಾಲೇಜಿನ ಹೆಸರು ಬೇಡ, ಗ್ರೇಡಿಂಗ್ ಬಿಗಿ ಅಂತ ಹೆಸರಾದ ಜಾಗ. ಆರ್ಗ್ಯಾನಿಕ್ ಕೆಮಿಸ್ಟ್ರಿ ಮಿಡ್‌ಟರ್ಮ್‌ನಲ್ಲಿ ಕ್ಲಾಸಿನ ಸರಾಸರಿಯೇ ನೂರಕ್ಕೆ 47. ಕರ್ವ್ ಹಾಕಿ, ಅಂದರೆ ಕ್ಲಾಸಿನವರನ್ನು ಒಬ್ಬರಿಗೊಬ್ಬರು ಹೋಲಿಸಿ, ಆ ಸರಾಸರಿಯನ್ನು ಬಿ ಮೈನಸ್ಸಿಗೆ ಕೂರಿಸುತ್ತಾರೆ. ಇವಳು ಸರಾಸರಿಯ ಹತ್ತಿರವೇ ಇದ್ದಳು, ಕೋರ್ಸಿನ ಕೊನೆಗೂ ಬಿ ಮೈನಸ್ಸೇ ಬಂತು. 'ಅಮ್ಮಾ, ಪಕ್ಕದಲ್ಲಿ ಕೂತವಳು ಕಡಿಮೆ ಬರೆದಿದ್ದರೆ ನಂಗೆ ಬಿ ಬರ್ತಿತ್ತು' ಅಂದಳು. ಆ ಪಕ್ಕದಲ್ಲಿ ಕೂತವಳು ಇವಳ ರೂಮ್‌ಮೇಟ್. ಇಬ್ಬರೂ ಈಗ ನೋಟ್ಸ್ ಹಂಚಿಕೊಳ್ಳುವುದಿಲ್ಲ.

ಲೆಕ್ಕ ಹೇಳುತ್ತೇನೆ ಕೇಳಿ. ಅಲ್ಲಿಯವರೆಗೆ ವಿಜ್ಞಾನದಲ್ಲಿ 28 ಕ್ರೆಡಿಟ್, ಜಿಪಿಎ 3.8. ನಾಲ್ಕು ಕ್ರೆಡಿಟ್‌ನ ಈ ಬಿ ಮೈನಸ್ ಅಂದರೆ 2.7. ಸೇರಿಸಿದರೆ 3.66ಕ್ಕೆ ಇಳಿಯಿತು. ಮತ್ತೆ 3.8 ಮುಟ್ಟಬೇಕಾದರೆ ಒಂದೂ ತಪ್ಪದೆ 22 ಕ್ರೆಡಿಟ್ ಎ ಬರಬೇಕು, ಅಂದರೆ ಐದಾರು ಕೋರ್ಸು. ಎ ಪ್ಲಸ್ ತಂದರೂ ಅರ್ಜಿಯ ಲೆಕ್ಕದಲ್ಲಿ 4.0 ದಾಟುವುದಿಲ್ಲ. ಅದೇ ವಿಷಯ ಮತ್ತೆ ಓದಿ ಎ ತಂದರೆ ಹಳೆಯದು ಅಳಿಸಿಹೋಗುತ್ತದೆ ಅಂತ ತಿಳಿಯಬೇಡಿ, ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ.

ಈಗ ಎಂಎಸ್‌ಎಆರ್ ತೆರೆದು ನೋಡಿ. ಯಾವುದೋ ಮೆಡಿಕಲ್ ಕಾಲೇಜಿನ ಮಧ್ಯದ ಗೆರೆ 3.9 ಅನ್ನುತ್ತದೆ. ಆ 3.9 ಯಾರು ಕೊಟ್ಟದ್ದು? ಇಲ್ಲೇ ನಮ್ಮ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ 2004ರಿಂದ 2014ರವರೆಗೆ ಎ ದರ್ಜೆ ಶೇ. 35ನ್ನು ಮೀರಬಾರದು ಅನ್ನುವ ನೀತಿಯೇ ಇತ್ತು. ಹಾರ್ವರ್ಡ್‌ನಲ್ಲಿ 2024-25ರಲ್ಲಿ ಕೊಟ್ಟ ಗ್ರೇಡುಗಳಲ್ಲಿ ಸುಮಾರು ಶೇ. 60 ಎ ಎಂದು ಅವರದೇ 2025ರ ವರದಿ ಹೇಳುತ್ತದೆ. ಬಿಗಿ ಕೈಯಿಂದ ಬಂದ 3.6 ಮತ್ತು ಉದಾರ ಕೈಯಿಂದ ಬಂದ 3.9 ಈ ಗೆರೆಯಲ್ಲಿ ಒಂದೇ ತಕ್ಕಡಿಯಲ್ಲಿ ಕೂತಿವೆ. ಆಯ್ಕೆಯಾದವರು ಯಾವ ಡಿಗ್ರಿ ಕಾಲೇಜಿನಿಂದ ಬಂದವರು ಅನ್ನುವ ವಿಂಗಡಣೆಯೇ ಇಲ್ಲಿಲ್ಲ. ಆಯ್ಕೆ ಸಮಿತಿಯವರು ಕಾಲೇಜಿನ ಬಿಗಿ ಗಮನಿಸುತ್ತಾರೆ ಅಂತ ಸಲಹೆಗಾರರು ಸಮಾಧಾನ ಹೇಳುತ್ತಾರೆ. ಎಷ್ಟು ಗಮನಿಸುತ್ತಾರೆ ಅಂತ ಒಬ್ಬರೂ ಅಂಕಿ ಕೊಡಲಿಲ್ಲ.

ಮೈಸೂರಿನಲ್ಲಿ ನನ್ನ ತಂಗಿಯ ಮಗ ನೀಟ್ ಬರೆದ. ಒಂದೇ ದಿನ, 720 ಅಂಕ, ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಪಿಯು ಅಂಕ ಅರ್ಹತೆಗೆ ಮಾತ್ರ. ಅದು ಕ್ರೂರ, ಒಪ್ಪುತ್ತೇನೆ. ಆದರೆ ಅವನ ಪಿಯು ಕಾಲೇಜಿನ ಮೇಷ್ಟ್ರು ಕೈಬಿಗಿ ಅನ್ನುವ ಕಾರಣಕ್ಕೆ ಅವನ ರ‍್ಯಾಂಕ್ ಬೀಳಲಿಲ್ಲ. ಇಲ್ಲಿ ಎಂಕ್ಯಾಟ್ ಎಲ್ಲರಿಗೂ ಸಮ ಅನ್ನುವುದು ನಿಜ, ಆದರೆ ಜಿಪಿಎ ಅದರ ಪಕ್ಕದಲ್ಲೇ ಕೂತಿರುತ್ತದೆ.

ಐದಕ್ಕೆ ಮೂರೂವರೆ ಸ್ಟಾರ್. ಅರ್ಜಿ ಹಾಕುವ ವರ್ಷ ಖಂಡಿತ ಕೊಳ್ಳಿ. ಮೊದಲೆರಡು ವರ್ಷ ಬೇಡ, ಮಕ್ಕಳು ರಾತ್ರಿಯೆಲ್ಲ ಆ ಗೆರೆ ನೋಡುತ್ತಾ ಕೂರುತ್ತಾರೆ, ನಮ್ಮವಳ ಪಾಸ್‌ವರ್ಡ್ ನಾನೇ ಬದಲಾಯಿಸಿದೆ. ಅಲ್ಲಿಯವರೆಗೆ ಜಿಪಿಎ-ಎಂಕ್ಯಾಟ್ ಜೋಡಿಸಿ ಎಷ್ಟು ಪಾಲು ಜನಕ್ಕೆ ಸೀಟು ಸಿಕ್ಕಿತು ಎಂದು ತೋರಿಸುವ ಎ-23 ಕೋಷ್ಟಕ ಎಎಎಂಸಿ ಜಾಲತಾಣದಲ್ಲಿ ಪುಕ್ಕಟೆ ಇದೆ, ಅದು ಸಾಕು. ಎಚ್-4 ವೀಸಾದಲ್ಲಿ (ಎಚ್-1ಬಿ ನೌಕರರ ಕುಟುಂಬದವರಿಗೆ ಕೊಡುವ ವೀಸಾ) ಇರುವ ಮಕ್ಕಳ ಮನೆಯವರು ಚಂದಾ ಕಟ್ಟಿದ ದಿನವೇ ವಿದೇಶಿ ಅರ್ಜಿದಾರರ ಬಗೆಗಿನ ಮಾಹಿತಿ ನೋಡಿ. ಎಷ್ಟೋ ಕಾಲೇಜುಗಳು ಗ್ರೇಡಿನವರೆಗೂ ಹೋಗದೆ ಅಲ್ಲಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.