ತೇವ ಹೀರುವ ಮೇಲ್ಪೆಟ್ಟಿಗೆ: ಎರಡು ಚಳಿಗಾಲ ಬಳಸಿ ನೋಡಿದ ಮೇಲೆ

ಜೇನುಹುಳು ಚಳಿಗೇ ಸಾಯುತ್ತವೆ ಅಂತ ನಾನು ತುಂಬಾ ದಿನ ನಂಬಿದ್ದೆ. ಒಮ್ಮೆ ಚಳಿ ಮುಗಿದ ಮೇಲೆ ಪೆಟ್ಟಿಗೆ ತೆರೆದರೆ ಮುಚ್ಚಳದ ಒಳಮೈ ತುಂಬ ನೀರಿನ ಹನಿ. ಮೇಣದ ಎರಿಗಳಿಗೆ ಬೂಸ್ಟು ಹಿಡಿದಿತ್ತು. ಅಡಿಮಣೆಯ ಮೇಲೆ ಒದ್ದೆಯಾಗಿ ಸತ್ತ ಹುಳುಗಳ ರಾಶಿ. ಪಕ್ಕದ ಎರಡು ಎರಿಗಳಲ್ಲಿ ಜೇನುತುಪ್ಪ ಹಾಗೇ ಉಳಿದಿತ್ತು. ಮೇಲಿಂದ ತೊಟ್ಟಿಕ್ಕಿದ ತಣ್ಣೀರು ಆ ಕುಟುಂಬವನ್ನು, ಅಂದರೆ ಪೆಟ್ಟಿಗೆಯ ಇಡೀ ಹುಳುಗಳ ಸಂಸಾರವನ್ನು, ಮುಗಿಸಿತ್ತು. ಆಗ ತರಿಸಿದ್ದು ಈ ಮೇಲ್ಪೆಟ್ಟಿಗೆ.

ನೋಡಲು ಏನೂ ವಿಶೇಷ ಇಲ್ಲ. ಗೇಣಿಗಿಂತ ಕಮ್ಮಿ ಎತ್ತರದ ಮರದ ಚೌಕ, ತಳಕ್ಕೆ ಬಿಗಿದ ಬಟ್ಟೆ, ಬದಿಗಳಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ. ಒಳಗೆ ಮರದ ಸಿಪ್ಪೆ ತುಂಬಬೇಕು. ಬಡಗಿ ಹತ್ತರಿ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದು. ನುಣ್ಣನೆಯ ಹೊಟ್ಟು ಬೇಡ, ಒದ್ದೆಯಾದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಇದನ್ನು ಸಂಸಾರ ಕೋಣೆಯ, ಅಂದರೆ ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಪೆಟ್ಟಿಗೆಯ, ಮೇಲಿಟ್ಟು, ಅದರ ಮೇಲೆ ಮುಚ್ಚಳ ಹಾಕಬೇಕು.

ಇದು ಯಾಕೆ ಬೇಕು ಅಂದರೆ, ಚಳಿಗಾಲದಲ್ಲಿ ಹುಳುಗಳು ನಿದ್ದೆ ಹೋಗುವುದಿಲ್ಲ. ಹೊರಗೆ ಸುಮಾರು 14 ಡಿಗ್ರಿಗಿಂತ ಕೆಳಗಿಳಿದರೆ ಒತ್ತೊತ್ತಾಗಿ ಗುಂಪು ಕಟ್ಟುತ್ತವೆ. ರೆಕ್ಕೆ ಆಡಿಸದೆ, ಹಾರುವ ಸ್ನಾಯುಗಳನ್ನು ಮಾತ್ರ ನಡುಗಿಸಿ ಕಾವು ಹುಟ್ಟಿಸುತ್ತವೆ. ನಡುವೆ ಮರಿ ಇದ್ದರೆ ಅಲ್ಲಿ ಹೆಚ್ಚುಕಮ್ಮಿ 35 ಡಿಗ್ರಿ ಕಾಯ್ದುಕೊಳ್ಳುತ್ತವೆ. ಆ ಕಾವಿಗೆ ಸೌದೆ ಅಂದರೆ ತುಪ್ಪವೇ. ಒಂದು ಕಿಲೋ ತುಪ್ಪ ತಿಂದರೆ ಸುಮಾರು 650 ಗ್ರಾಂ ನೀರು ಆವಿಯಾಗಿ ಹೊರಬೀಳುತ್ತದೆ. ಕುಟುಂಬ ಹತ್ತು ಕಿಲೋ ತಿಂದಿತು ಅಂದುಕೊಳ್ಳಿ, ಲೆಕ್ಕ ನೀವೇ ಹಾಕಿ. ಆ ಆವಿ ಮೇಲೇರಿ ತಣ್ಣಗಿನ ಮುಚ್ಚಳಕ್ಕೆ ತಾಗಿ, ಹನಿಯಾಗಿ ಗುಂಪಿನ ಮೇಲೇ ಬೀಳುತ್ತದೆ. ಮೈ ಒಣಗಿರುವ ಗುಂಪು ಕಡುಚಳಿಯನ್ನೂ ತಡೆದೀತು, ನೆನೆದ ಗುಂಪು ತಡೆಯುವುದಿಲ್ಲ.

ಮೊದಲ ವರ್ಷ ನಾಲ್ಕು ಪೆಟ್ಟಿಗೆಗಳಲ್ಲಿ ಎರಡಕ್ಕೆ ಮಾತ್ರ ಇದನ್ನು ಹಾಕಿದೆ. ಚಳಿಯ ನಡುವೆ ಒಂದು ಬಿಸಿಲಿನ ದಿನ ಮುಚ್ಚಳ ಎತ್ತಿ ಸಿಪ್ಪೆಯೊಳಗೆ ಕೈ ಹಾಕಿ ನೋಡಿದೆ. ಮೇಲಿನ ಪದರ ಒದ್ದೆ, ಬಟ್ಟೆಯ ಹತ್ತಿರ ಒಣಗಿಯೇ ಇತ್ತು. ನೀರು ಹುಳುಗಳ ಕಡೆ ಇಳಿದಿರಲಿಲ್ಲ. ಬರೀ ಮುಚ್ಚಳ ಇದ್ದ ಎರಡರಲ್ಲೂ ಮತ್ತೆ ಅದೇ ಹನಿ, ಅದೇ ಬೂಸ್ಟು. ಹುಳುಗಳು ಉಳಿದವು, ಆದರೆ ತುಂಬಾ ಸೊರಗಿದ್ದವು.

ಈಗ ದೂರು. ತಳದ ಬಟ್ಟೆ ತೀರಾ ತೆಳು. ಒಂದೇ ಚಳಿಗಾಲಕ್ಕೆ ಜೋತುಬಿದ್ದು ಕೆಳಗಿನ ಎರಿಗಳ ಚೌಕಟ್ಟುಗಳಿಗೆ ತಾಗಿತು, ಹುಳುಗಳು ಅದನ್ನು ಅಂಟಿನಿಂದ ಮೆತ್ತಿಬಿಟ್ಟವು. ಬಿಡಿಸುವಾಗ ಹರಿಯಿತು. ಎರಡನೇ ವರ್ಷ ದಪ್ಪ ಹತ್ತಿ ಬಟ್ಟೆ ಹೊಡೆದು, ಕೆಳಗೆ ತಂತಿ ಜಾಲರಿ ಕೊಟ್ಟೆ. ಅಲ್ಲಿಂದ ತೊಂದರೆ ಇಲ್ಲ. ಇಷ್ಟನ್ನು ತಯಾರಿಸುವವರೇ ಮಾಡಿ ಕೊಡಬೇಕಿತ್ತು. ಇನ್ನೊಂದು, ರಾಣಿ ತಡೆ ಜಾಲರಿಯನ್ನು (ಕೆಲಸಗಾರ ಹುಳು ನುಸುಳಿದರೂ ರಾಣಿ ಮೇಲೆ ಹೋಗದ ಹಾಗೆ ಇಡುವ ಜಾಲರಿ) ಮೊದಲೇ ತೆಗೆಯಿರಿ ಅಂತ ಜೊತೆಗೆ ಬಂದ ಚೀಟಿಯಲ್ಲಿ ಎಲ್ಲೂ ಬರೆದಿಲ್ಲ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಗುಂಪು ತುಪ್ಪ ಹುಡುಕಿ ಮೇಲೇರಿದರೆ ರಾಣಿ ಒಂಟಿಯಾಗಿ ಕೆಳಗೇ ಉಳಿದು ಸಾಯುತ್ತದೆ.

ಆದರೆ ನನಗೆ ಜಾಸ್ತಿ ಬೇಜಾರಾದದ್ದು ಡಬ್ಬದ ಮೇಲಿನ ಮಾತಿಗೆ. ಇದಿದ್ದರೆ ಕುಟುಂಬ ಉಳಿಯುವುದು ಖಚಿತ ಅನ್ನುತ್ತದೆ ಅದು. ಮೇಲ್ಪೆಟ್ಟಿಗೆ ಹಾಕಿದ ನನ್ನ ಎರಡರಲ್ಲಿ ಒಂದು ಮೊದಲ ಚಳಿಗಾಲವೇ ಸತ್ತಿತು. ಒಳಗೆ ಒಂದು ಹನಿ ನೀರಿಲ್ಲ, ತುಪ್ಪ ಭರ್ತಿ, ರಾಣಿಯ ಸುತ್ತ ಒಂದು ಹಿಡಿ ಹುಳು ಅಷ್ಟೇ. ಕಾರಣ ವರೋವಾ ನುಸಿ, ಹುಳುವಿನ ಮೈಗೆ ಅಂಟಿಕೊಂಡು ಹೀರುವ ಸಣ್ಣ ಪರಾವಲಂಬಿ. ಬೇಸಿಗೆಯ ಹುಳು ಆರು ವಾರ ಬದುಕಿದರೆ, ಚಳಿಗಾಲದ ಹುಳು ನಾಲ್ಕರಿಂದ ಆರು ತಿಂಗಳು ಬದುಕಬೇಕು. ಅದಕ್ಕೆ ಮೈಯಲ್ಲಿ ಕೊಬ್ಬು ಬೇಕು. ನುಸಿ ಹೀರುವುದು ಅದನ್ನೇ. ಆ ವರ್ಷ ನಾನು ನುಸಿ ಎಣಿಸಿರಲಿಲ್ಲ. ಆ ತಪ್ಪು ಇನ್ನೂ ಕಾಡುತ್ತದೆ.

ಈಗ ಚಳಿಗೆ ಎರಡು ತಿಂಗಳು ಮೊದಲೇ ಪ್ರತಿ ಪೆಟ್ಟಿಗೆಯಿಂದ ಸುಮಾರು 300 ಹುಳು ತೆಗೆದು ಸ್ಪಿರಿಟ್‌ನಲ್ಲಿ ತೊಳೆದು, ಉದುರುವ ನುಸಿ ಎಣಿಸುತ್ತೇನೆ. ರಾಣಿ ಅದರಲ್ಲಿ ಇಲ್ಲ ಅಂತ ಮೊದಲು ನೋಡಿಕೊಳ್ಳುತ್ತೇನೆ. ನೂರು ಹುಳುವಿಗೆ ಮೂರು ನುಸಿ ಸಿಕ್ಕರೆ ತಡಮಾಡದೆ ಔಷಧಿ. ಆಮೇಲೆ ಪೆಟ್ಟಿಗೆಯ ಹಿಂಬದಿಯನ್ನು ಕೈಯಿಂದ ಎತ್ತಿ ತೂಕ ನೋಡುತ್ತೇನೆ. ಹಗುರ ಅನ್ನಿಸಿದರೆ ಎರಡು ಪಾಲು ಸಕ್ಕರೆ, ಒಂದು ಪಾಲು ನೀರಿನ ಪಾಕ. ಬಾಗಿಲಿಗೆ ಇಲಿ ನುಗ್ಗದ ಹಾಗೆ ತಗಡು. ಇಷ್ಟಾದ ಮೇಲೆಯೇ ಮೇಲ್ಪೆಟ್ಟಿಗೆ ಏರಿಸುತ್ತೇನೆ.

ಎರಡನೇ ಚಳಿಗಾಲ ನಾಲ್ಕಕ್ಕೂ ಹಾಕಿದೆ, ನಾಲ್ಕೂ ಉಳಿದವು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದನ್ನು ಹಿಡಿದದ್ದು ಆ ಬಟ್ಟೆಗೆ ಮತ್ತು ಡಬ್ಬದ ಮೇಲಿನ ಮಾತಿಗೆ. ಮೊನ್ನೆ ಸಿಪ್ಪೆಯನ್ನೆಲ್ಲ ಬಿಸಿಲಿಗೆ ಹರವಿದ್ದೆ. ಒಣಗಿದ ಮೇಲೆ ಚೀಲಕ್ಕೆ ತುಂಬಿ ಇಟ್ಟಿದ್ದೇನೆ, ಮುಂದಿನ ಸಲಕ್ಕೂ ಅದೇ ಆಗುತ್ತದೆ.