ನಾಲ್ಕು ತಂತಿಯ ಬೇಸ್ ಗಿಟಾರ್: ಎಂಟು ವರ್ಷ ನುಡಿಸಿದ ಮೇಲೆ

ಎಂಟು ವರ್ಷದ ಹಿಂದೆ 17,000 ಚಿಲ್ಲರೆ ಕೊಟ್ಟು ಇದನ್ನು ಶಿವಮೊಗ್ಗದ ಮನೆಗೆ ತಂದಾಗ ಆರು ತಂತಿಯ ಗಿಟಾರಷ್ಟೇ ಗೊತ್ತಿದ್ದ ಅಪ್ಪ ತಂತಿ ಎಣಿಸಿ ಕೇಳಿದ್ದು ಒಂದೇ ಮಾತು: "ಇನ್ನೆರಡು ಯಾವಾಗ ಹಾಕಿಸ್ತೀಯೋ?"

ಅಪ್ಪನದು ಬಿಡಿ. ಕಳೆದ ವರ್ಷ ಗಣಪತಿ ಕಾರ್ಯಕ್ರಮದ ಲೆಕ್ಕ ಚುಕ್ತಾ ಮಾಡುವಾಗ ಒಬ್ಬರು ನಮ್ಮ ಆರ್ಕೆಸ್ಟ್ರಾದವರಿಗೆ, "ಲೀಡ್ ಗಿಟಾರ್ ಇದೆಯಲ್ಲ, ಕೀಬೋರ್ಡ್‌ನವನು ಎಡಗೈಲಿ ಬೇಸ್ ಒತ್ತುತ್ತಾನೆ, ಇವನ್ಯಾಕೆ?" ಅಂದರು. ಈ ವಿಮರ್ಶೆ ಅರ್ಧ ವಾದ್ಯದ್ದು, ಇನ್ನರ್ಧ ಅವರಿಗೆ ಉತ್ತರ. (ಬಾಸ್ ಅಂತ ಬರೆದರೆ ಅಭಿಮಾನಿ ಸಂಘದವರು ಬಂದಾರು, ಬೇಸ್ ಅಂತಲೇ ಬರೆಯುತ್ತೇನೆ.)

ನನ್ನದು ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ನೋಡಿಕೊಂಡು ಬೇರೆಯವರು ಮಾಡಿದ ಅಗ್ಗದ ಮಾಲು. ಕಂಪನಿ ಹೆಸರು ಬೇಡ. ತಂತಿಯ ಕಂಪನ ಹಿಡಿಯುವ ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ತೂಕ 4 ಕಿಲೋ ಮೇಲಿದೆ. ಮೂರು ಗಂಟೆ ಹೆಗಲಿಗೆ ಹಾಕಿ ನಿಂತರೆ ಮರುದಿನ ಸ್ಕೂಟರ್ ಹ್ಯಾಂಡಲ್ ತಿರುಗಿಸುವಾಗ ಗೊತ್ತಾಗುತ್ತದೆ. ಅಗಲದ ಚರ್ಮದ ಪಟ್ಟಿ ಬೇರೆ ಕೊಳ್ಳಿ, ಜೊತೆಗೆ ಬರುವ ನೈಲಾನ್ ಪಟ್ಟಿ ಬಿಸಾಕಿ.

ಫೆಂಡರ್ ಆ ಅಸಲಿ ಪ್ರಿಸಿಷನ್ ಬೇಸನ್ನು ಅಮೆರಿಕದಲ್ಲಿ ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೂ ಮೊದಲು ಬ್ಯಾಂಡುಗಳಲ್ಲಿ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಡ್ರಮ್ಸು, ಕಹಳೆಗಳ ನಡುವೆ ಅದರ ದನಿ ಮುಳುಗಿ ಹೋಗುತ್ತಿತ್ತು, ಸಾಗಿಸುವುದೂ ತಲೆನೋವು. ಲಿಯೋ ಫೆಂಡರ್ ಅದನ್ನು ಅಡ್ಡ ಮಲಗಿಸಿ, ಪಿಕಪ್ ಇಟ್ಟು, ಕತ್ತಿಗೆ ಅಡ್ಡಡ್ಡ ಲೋಹದ ಪಟ್ಟಿ, ಅಂದರೆ ಫ್ರೆಟ್, ಬಡಿದರು. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ, ಅದಕ್ಕೇ ಪ್ರಿಸಿಷನ್ ಎಂಬ ಹೆಸರು. ಶ್ರುತಿ ಮಾತ್ರ ಡಬಲ್ ಬೇಸಿನದೇ: ಇ, ಎ, ಡಿ, ಜಿ. ಅಂದರೆ ಮೈ ಗಿಟಾರಿನದು, ಕುಲ ಡಬಲ್ ಬೇಸಿನದು. ಅಪ್ಪ ಹುಡುಕುತ್ತಿದ್ದ ಎರಡು ತಂತಿ ಎಂದೂ ಇರಲೇ ಇಲ್ಲ.

ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿದರೆ ಇದರದು 41, ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಮೊಬೈಲ್ ಸ್ಪೀಕರ್‌ಗೆ ಅದು ಎಟುಕುವುದಿಲ್ಲ. ಹಾಡನ್ನು ಮೊಬೈಲಲ್ಲೇ ಕೇಳುವವರು ಬೇಸ್ ಎಲ್ಲಿದೆ ಎಂದು ಕೇಳಿದರೆ ತಪ್ಪು ಅವರದಲ್ಲ. ಹೆಡ್‌ಫೋನ್ ಹಾಕಿಕೊಂಡು ಇಳಯರಾಜ ಸಂಗೀತದ, 1981ರ 'ಗೀತಾ' ಹಾಡುಗಳನ್ನು ಮತ್ತೆ ಕೇಳಿ. ಬೇಸ್ ಹಿಂದೆ ಕೂತು ತಲೆಯಾಡಿಸುವ ವಾದ್ಯವೋ, ತನ್ನದೇ ದಾರಿ ಹಿಡಿದು ಹಾಡುವ ವಾದ್ಯವೋ ನೀವೇ ಹೇಳಿ.

ಆ ಲೆಕ್ಕದವರಿಗೆ ನಾನು ತೋರಿಸಬೇಕಿದ್ದದ್ದು ಇದು. ಕೀಬೋರ್ಡ್‌ನವನು ಸಿ, ಇ, ಜಿ ಮೂರು ಮನೆ ಒತ್ತಿ ಹಿಡಿದಿರಲಿ. ಕೈ ಅಲ್ಲಾಡಿಸುವುದು ಬೇಡ. ನಾನು ಕೆಳಗೆ ಸಿ ನುಡಿಸಿದರೆ ಸಿ ಮೇಜರ್ ಎಂಬ ಸ್ವರಗುಚ್ಛ, ನಿಶ್ಚಿಂತೆ. ಎ ನುಡಿಸಿದೆನೋ, ಅದೇ ಮೂರು ಸ್ವರ ಎ ಮೈನರ್ ಸೆವೆನ್ ಆಗಿ ಮುಖ ಸಪ್ಪಗಾಗುತ್ತದೆ. ಇ ಹಿಡಿದರೆ ಬಸ್ಸಿಗೆ ಕಾಯುತ್ತ ಬ್ಯಾಗ್ ಹೆಗಲಿಗೇರಿಸಿ ನಿಂತವರ ಹಾಗೆ, ಈಗ ಹೊರಟೆ ಎನ್ನುತ್ತದೆ. ಮೇಲಿನವನು ಬೆರಳೂ ಕದಲಿಸಿಲ್ಲ. ಕೀಬೋರ್ಡಿನ ಎಡಗೈಗೂ ಇಷ್ಟು ಸಾಧ್ಯ, ಒಪ್ಪುತ್ತೇನೆ. ಆದರೆ ಸ್ವರವನ್ನು ಎಲ್ಲಿ ಕತ್ತರಿಸಬೇಕು ಎನ್ನುವುದು ಈ ವಾದ್ಯದ ಅರ್ಧ ಕಸುಬು. ಎಡಗೈ ಬೆರಳನ್ನು ಒತ್ತಿದಷ್ಟೇ ಎಚ್ಚರದಿಂದ ಸಡಿಲಿಸಬೇಕು, ಡ್ರಮ್ಮಿನವನು ಕಾಲಲ್ಲಿ ಹೊಡೆಯುವ ಕಿಕ್ ನಿಂತಲ್ಲಿ ನಾನೂ ನಿಲ್ಲಬೇಕು. ಮೃದಂಗದವರು ಎಡಮುಖಕ್ಕೆ ರವೆ ಮೆತ್ತಿ, ತಟ್ಟಿ, ಮತ್ತೆ ಚೂರು ಕೆರೆದು ತೆಗೆಯುವುದನ್ನು ನೋಡಿದವರಿಗೆ ನಾನೇನು ಹೇಳುತ್ತಿದ್ದೇನೆಂದು ಅರ್ಥವಾಗುತ್ತದೆ.

ಈಗ ದೂರುಗಳು. ನಮ್ಮೂರ ಜುಲೈ ಮಳೆಗೆ ನೆಕ್, ಅಂದರೆ ವಾದ್ಯದ ಕತ್ತು, ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತದೆ, ಬೆರಳು ನೋವು. ಫೆಬ್ರವರಿ ಬಿಸಿಲಿಗೆ ನೆಟ್ಟಗಾಗಿ ಫ್ರೆಟ್ ಮೇಲೆ ಗರಗರ. ವರ್ಷಕ್ಕೆ ಎರಡು ಸಲ ಅಲೆನ್ ಕೀ ಹಾಕಿ ನೆಕ್ ಒಳಗಿನ ಸರಳನ್ನು ಕಾಲು ಸುತ್ತು ತಿರುಗಿಸುತ್ತೇನೆ. ಒಮ್ಮೆಗೆ ಅದಕ್ಕಿಂತ ಹೆಚ್ಚು ಬೇಡ. ಜಿ ತಂತಿಯ 5ನೇ ಫ್ರೆಟ್‌ನಲ್ಲಿ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಇದಕ್ಕೆ ಔಷಧಿಯಿಲ್ಲ, ಡಿ ತಂತಿಯ 10ನೇ ಫ್ರೆಟ್‌ನಲ್ಲಿ ಅದೇ ಸ್ವರ ಹುಡುಕಿಕೊಂಡಿದ್ದೇನೆ. ಮೂರನೇ ವರ್ಷ ಕೇಬಲ್ ಸಿಗಿಸುವ ಜ್ಯಾಕ್ ಸ್ಟೇಜ್ ಮೇಲೇ ಸಡಿಲಾಯಿತು. ಸೌಂಡ್‌ನವರು ತಮ್ಮ ವೈರ್ ಎಲ್ಲ ಕಿತ್ತು ನೋಡಿ ಕೊನೆಗೆ ನನ್ನತ್ತ ತಿರುಗಿದರು. ಶುರುವಿನಲ್ಲಿ ಗೆಳೆಯನ ಗಿಟಾರ್ ಆಂಪ್‌ಗೆ ಇದನ್ನು ಸಿಗಿಸಿ ಜೋರಾಗಿ ನುಡಿಸಿ ಅದರ ಸ್ಪೀಕರ್ ಹರಿದೆ. ಬೇಸ್ ಆಂಪ್ ಪ್ರತ್ಯೇಕ ಬೇಕೇ ಬೇಕು, ಬಜೆಟ್ ಹಾಕುವಾಗ ಅದನ್ನೂ ಸೇರಿಸಿ.

ತಂತಿ ಸೆಟ್ಟಿಗೆ ನನಗೆ 2,000ದ ಹತ್ತಿರ ಬೀಳುತ್ತದೆ, ಗಿಟಾರಿನದಕ್ಕಿಂತ ದುಬಾರಿ. ಆದರೆ ಪದೇ ಪದೇ ಬದಲಿಸಬೇಕಿಲ್ಲ. ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದೆ ಬದಲಿಸುತ್ತಿರಲಿಲ್ಲ, ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ನನ್ನ ಜಿಪುಣತನಕ್ಕೆ ಅವರೇ ಆಸರೆ. ಆ ಹಾಡುಗಳು ಅಮೆರಿಕ ಪೂರ್ತಿ ಮೊಳಗುತ್ತಿದ್ದ ಕಾಲದಲ್ಲೂ ವಾದ್ಯದವರ ಹೆಸರು ರೆಕಾರ್ಡಿನ ಹೊದಿಕೆ ಮೇಲೆ ಬರುತ್ತಿರಲಿಲ್ಲ. 1971ರವರೆಗೆ ಕಾಯಬೇಕಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿತ ಆ ಸತ್ತ ಫ್ರೆಟ್‌ಗೆ. ಮೊನ್ನೆ ಅಂಗಡಿಯಲ್ಲಿ ಐದು ತಂತಿಯ ಬೇಸ್ ನೋಡಿ ಬಂದೆ. ಅಪ್ಪನಿಗೆ ಹೇಳಿದರೆ, "ಪರವಾಗಿಲ್ವೋ, ಇನ್ನೊಂದೇ ಬಾಕಿ" ಅಂದರು.